ಗುಡ್ಡ ಏರಿಸಿದ ಕೆಮಿಸ್ಟ್ರಿ ಸರ್

ಭಾನುವಾರ ಬಂತೆಂದರೆ ನಮ್ಮ ಕೆಮಿಸ್ಟ್ರಿ ಸರ್ "ಬರ್ರಿ, ಗುಡ್ಡ ಏರೂಣು" ಅನ್ನುತ್ತಿದ್ದರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಮ್ಮೆ ಕೊಪ್ಪಳದ ಗವಿಮಠದ ಬೆಟ್ಟ, ಇನ್ನೊಮ್ಮೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯ ಕಥೆ ನಾವು ಕೇಳಿದ್ದು ಪಾಲ್ಕಿಗುಂಡಿನಲ್ಲಿ, ಅಶೋಕನ ಶಾಸನದ ಹತ್ತಿರ ಕೂತು.

ಕೀಲಿಂಗ್ ಓದಿದ್ದು ಕೆಮಿಸ್ಟ್ರಿ. ಆದರೆ ಬೆಟ್ಟ, ಕಾಡು ಅಂದರೆ ಅವರಿಗೆ ಜೀವ. ಕಂಪನಿ ನೌಕರಿ ಬೇಡವೆಂದು, ಹೊರಗೆ ಓಡಾಡುವ ಕೆಲಸ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದರು. 1955ರಲ್ಲಿ ಅಲ್ಲಿನ ಬಿಗ್ ಸರ್ ಎಂಬ ಜಾಗದ ಕಾಡಿನಲ್ಲೇ ಮಲಗಿ, ರಾತ್ರಿ ಮತ್ತೆ ಮತ್ತೆ ಎದ್ದು ಗಾಜಿನ ಬುರುಡೆಯಲ್ಲಿ ಗಾಳಿ ಹಿಡಿದರು. ರಾತ್ರಿ ಗಿಡಮರಗಳ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಮಧ್ಯಾಹ್ನ ಗಾಳಿ ಚೆನ್ನಾಗಿ ಬೆರೆತಾಗ ಎಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ: ಹತ್ತು ಲಕ್ಷಕ್ಕೆ ಸುಮಾರು 310 ಪಾಲು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ನಿತ್ಯದ ಅಳತೆ ಶುರುವಾಯಿತು. ಆಗ ಸುಮಾರು 315 ಇದ್ದದ್ದು ಈಗ 420 ದಾಟಿದೆ. ಸರ್ ಇದನ್ನೆಲ್ಲ ಹೇಳುವಾಗ ನನಗೆ ಅನಿಸಿದ್ದು ಇಷ್ಟೇ: ಇಂಥ ಕೆಲಸವೂ ಇದೆಯಾ, ಹಾಗಾದರೆ ನನಗೆ ಅದೇ ಬೇಕು.

ಈಗ ನಾನು ಭತ್ತದ ಗದ್ದೆಯಿಂದ ಬರುವ ಮೀಥೇನ್ ಎಂಬ ಅನಿಲ ಅಳೆಯುತ್ತೇನೆ. ನೀರು ನಿಂತ ಕೆಸರಿಗೆ ಗಾಳಿ ಸಿಗುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಅದು ಬಹುಪಾಲು ಪೈರಿನ ಒಳಗಿಂದಲೇ ಮೇಲೆ ಬರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಪೈರಿನ ಮೇಲೆ ಡಬ್ಬಿ ಮುಚ್ಚಿ, ಸಿರಿಂಜಿನಲ್ಲಿ ಗಾಳಿ ಎಳೆದು ಲ್ಯಾಬಿಗೆ ಒಯ್ಯುತ್ತೇವೆ. ಕೆಸರಲ್ಲಿ ನಿಂತಾಗಲೆಲ್ಲ ಸರ್ ನೆನಪಾಗುತ್ತಾರೆ.

ಗದ್ದೆಯನ್ನು ನಡುನಡುವೆ ಆರಲು ಬಿಟ್ಟರೆ ಮೀಥೇನ್ ತುಂಬಾ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಸಣ್ಣ ಮಾತಲ್ಲ. ಆದರೆ ಕಾಲುವೆಗೆ ನೀರು ಬಿಡುವುದು ರೈತರ ಕೈಯಲ್ಲಿಲ್ಲ ಅಲ್ವಾ? ಮತ್ತೆ ಯಾವಾಗ ಬರುತ್ತದೋ ಎಂದು ಬಂದಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾರೆ. ಅವರ ಭಯ ನ್ಯಾಯವಾದದ್ದೇ. ಈ ಗಂಟು ಲ್ಯಾಬಿನಲ್ಲಿ ಕೂತು ಬಿಚ್ಚುವಂಥದ್ದಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಭತ್ತ ಬೆಳೆಯುವ ಗಂಗಾವತಿ, ಕಾರಟಗಿ ಕಡೆಯವರು ಬಹಳ ಜನ ಇದ್ದೀರಿ. ರಜೆಗೆ ಊರಿಗೆ ಹೋದಾಗ ಗದ್ದೆಯಲ್ಲಿ ಯಾವಾಗ ನೀರು ನಿಂತಿತ್ತು, ಯಾವಾಗ ಆರಿತ್ತು ಎಂದು ಅಪ್ಪನನ್ನು ಕೇಳಿ ಬರೆದಿಡಿ. ನನಗೂ ಕಳಿಸಿ, ಆ ಲೆಕ್ಕ ನನಗೆ ಬೇಕು.