ಕಯಾಕ್ ಮಗುಚಿದ ಮೇಲಿನ ಲೆಕ್ಕ

ಕೆರೆ, ನಿಧಾನವಾಗಿ ಹರಿಯುವ ಹೊಳೆಗಳಿಗೆಂದೇ ಮಾಡಿದ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಸಾಮಾನ್ಯವಾಗಿ 9ರಿಂದ 12 ಅಡಿ ಉದ್ದ, 28ರಿಂದ 32 ಇಂಚು ಅಗಲ ಇರುತ್ತದೆ. ಅಗಲ ಹೆಚ್ಚಿರುವುದರಿಂದ ಸುಲಭಕ್ಕೆ ಮಗುಚದು. ಕೂರುವ ಬಾಯಿ ದೊಡ್ಡದಾದ್ದರಿಂದ ಹತ್ತಿಳಿಯುವುದೂ ಸಲೀಸು. ಆದರೆ ಒಮ್ಮೆ ಮಗುಚಿತೆಂದರೆ ತೊಂದರೆ ಕೊಡುವುದು ಅದೇ ದೊಡ್ಡ ಬಾಯಿ. ಒಳಗೆ 150 ಲೀಟರ್‌ಗೂ ಹೆಚ್ಚು ನೀರು ನುಗ್ಗಬಹುದು, ಅಂದರೆ 150 ಕೆಜಿಗೂ ಮೀರಿದ ಭಾರ. ನಡುನೀರಿನಲ್ಲಿ ಒಬ್ಬರೇ ಅದನ್ನು ಎತ್ತಿ ಬರಿದು ಮಾಡುವುದು ಆಗದ ಮಾತು.

ಆದ್ದರಿಂದ ಕೊಳ್ಳುವ ಮುನ್ನ ಒಳಗೆ ಕೈಹಾಕಿ ನೋಡಿ. ಕಡಿಮೆ ಬೆಲೆಯ ಎಷ್ಟೋ ಕಯಾಕ್‌ಗಳಲ್ಲಿ ಹಿಂಭಾಗದಲ್ಲಿ ಮಾತ್ರ ನೀರು ತಡೆಯುವ ಅಡ್ಡಗೋಡೆ ಇರುತ್ತದೆ, ಕೆಲವದರಲ್ಲಿ ಅದೂ ಇರದು. ಮುಂದೆ ಗೋಡೆಯಿಲ್ಲದಿದ್ದರೆ ನೀರು ತುಂಬಿದಾಗ ಮೂತಿ ಮುಳುಗಿ ಬಾಲ ಮೇಲೇಳುತ್ತದೆ, ಆಗ ಹತ್ತುವ ಪ್ರಶ್ನೆಯೇ ಇಲ್ಲ. ಖಾಲಿ ಜಾಗಕ್ಕೆ ಗಾಳಿಚೀಲ ತುರುಕಿ ಹಗ್ಗದಿಂದ ಬಿಗಿಯಿರಿ. ಕಟ್ಟದ ಚೀಲ ಜಾರಿ ಹೊರಗೆ ತೇಲಿಹೋಗುತ್ತದೆ. ಚೀಲ ಹಿಡಿದಷ್ಟು ಜಾಗಕ್ಕೆ ನೀರು ಬರುವುದಿಲ್ಲ, ಅದರ ಉಪಯೋಗ ಇಷ್ಟೇ, ಆದರೆ ಇದು ಬಹಳ ದೊಡ್ಡದು.

ಬಾಯಿಯೊಳಗೆ ಇಳಿಯದೆ, ಮುಚ್ಚಿದ ಒಡಲಿನ ಮೇಲೆ ಕೂರುವ ಮಾದರಿಯಲ್ಲಿ ಈ ಗೋಳಿಲ್ಲ. ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ, ನೀರಿನಿಂದಲೇ ಮತ್ತೆ ಹತ್ತಬಹುದು. ಹೊಸಬರಿಗೆ ನನ್ನ ಸಲಹೆ ಇದೇ. ಬಿರುಕಿನಿಂದಲೋ ಸಡಿಲ ಮುಚ್ಚಳದಿಂದಲೋ ಅದರ ಪೊಳ್ಳು ಒಡಲಿಗೂ ನೀರು ಸೇರಬಹುದು, ದೋಣಿ ತೂಗಾಡತೊಡಗಿದರೆ ದಡಕ್ಕೆ ತಂದು ಬಿರಡೆ ಬಿಚ್ಚಿ ನೋಡಿ.

ಒಳಗೆ ಕೂರುವ ಕಯಾಕ್ ಆದರೆ, ಮಗುಚಿಕೊಂಡು ಹೊರಬರುವುದನ್ನು ಎದೆಮಟ್ಟದ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಬೇಕೆಂದೇ ಅಭ್ಯಾಸ ಮಾಡಬೇಕು. ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಬಾಯಿಯ ಅಂಚನ್ನು ಹಿಡಿದು ಸೊಂಟವನ್ನು ಹೊರಗೆ ತಳ್ಳಿದರೆ ಕಾಲು ಹಿಂದೆಯೇ ಬರುತ್ತದೆ. ಹಿಂದಕ್ಕೆ ವಾಲಿದರೆ ತೊಡೆ ಸಿಕ್ಕಿಕೊಳ್ಳುತ್ತದೆ. ಹೊರಬಂದ ಮೇಲೆ ದೋಣಿಯನ್ನು ಬಿಡಬೇಡಿ, ತಲೆಕೆಳಗಾಗಿಯೇ ದಡದತ್ತ ಎಳೆಯಿರಿ. ಒಳಗೆ ಸಿಕ್ಕ ಗಾಳಿ ಅದನ್ನು ತೇಲಿಸುತ್ತದೆ. ನೇರ ಮಾಡಿದರೆ ನೀರು ಇನ್ನಷ್ಟು ತುಂಬುತ್ತದೆ.

ಲೈಫ್ ಜಾಕೆಟ್ ಮೈಮೇಲಿರಲಿ, ಬೆನ್ನಹಿಂದೆ ಕಟ್ಟಿಟ್ಟದ್ದು ಲೆಕ್ಕಕ್ಕಿಲ್ಲ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಒಳ್ಳೆಯ ಈಜುಗಾರರೂ ಆಗ ನೀರು ಕುಡಿಯುತ್ತಾರೆ. ಆ ಒಂದು ನಿಮಿಷ ಮುಖವನ್ನು ಮೇಲೆ ಹಿಡಿದಿಡುವುದು ಜಾಕೆಟ್ಟೇ.

ಕೆರೆಯಲ್ಲಿ ಅಪಾಯ ತರುವುದು ಗಾಳಿ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಅದು ಬೆನ್ನಿಗಿರಲಿ. ನಡುವೆ ಹಾಯದೆ, ಈಜಿ ಸೇರಬಲ್ಲಷ್ಟು ದೂರದಲ್ಲೇ ದಡದ ಗುಂಟ ಸಾಗಿ.

ಹರಿಯುವ ಹೊಳೆಯಲ್ಲಿ ಬಂಡೆಗೆ ಅಡ್ಡಲಾಗಿ ಸಿಕ್ಕಿದರೆ ಬಂಡೆಯ ಕಡೆಗೇ ವಾಲಬೇಕು. ಹೆದರಿ ಆಚೆ ವಾಲಿದರೆ ಮೇಲಿನಿಂದ ಬರುವ ನೀರು ಅಂಚನ್ನು ಒತ್ತಿ ಮಗುಚುತ್ತದೆ. ಬಿದ್ದ ಮರದ ಕೊಂಬೆಗಳು ಇನ್ನೂ ಕೆಟ್ಟವು. ನೀರನ್ನು ಹೋಗಗೊಟ್ಟು ಮನುಷ್ಯನನ್ನು ಹಿಡಿದಿಟ್ಟುಕೊಳ್ಳುತ್ತವೆ, ದೂರದಿಂದಲೇ ಬಳಸಿ ಹೋಗಿ. ಗಿಡ್ಡ ಒಡ್ಡು ಕಂಡರೆ ಮೊದಲೇ ದಡ ಹತ್ತಿ ದೋಣಿ ಹೊತ್ತು ದಾಟಿ. ಎತ್ತರ ಮೊಣಕಾಲಷ್ಟೇ ಇದ್ದರೂ ಅದರ ಬುಡದಲ್ಲಿ ನೀರು ಹಿಂದಕ್ಕೆ ಹೊರಳುತ್ತಿರುತ್ತದೆ, ಸಿಕ್ಕಿದ್ದನ್ನು ಬಿಡುವುದಿಲ್ಲ. ಸೆಳವಿಗೆ ಬಿದ್ದವರು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮುಂದಕ್ಕೆ ಕೆಡವಿ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ಮೇಲೆತ್ತಿ ಹರಿವಿನ ದಿಕ್ಕಿಗಿಟ್ಟು ತೇಲುತ್ತಾ ದಡದತ್ತ ಕೈಬಡಿಯಿರಿ.

ಹುಟ್ಟಿನ ಬಗ್ಗೆ ಒಂದೆರಡು ಮಾತು. ಇಷ್ಟು ಅಗಲದ ದೋಣಿಗೆ 230ರಿಂದ 240 ಸೆಂಟಿಮೀಟರ್ ಉದ್ದದ್ದು ಹೊಂದುತ್ತದೆ. ಅದರ ಎಲೆಯ, ಅಂದರೆ ನೀರನ್ನು ತಳ್ಳುವ ಅಗಲ ತುದಿಯ, ಒಳಬಾಗಿದ ಮುಖ ನಿಮ್ಮ ಕಡೆಗಿರಲಿ. ತೋಳಿನಿಂದ ಎಳೆಯದೆ ಸೊಂಟದಿಂದ ಮೈ ತಿರುಗಿಸಿ, ಪಾದದ ಬಳಿ ನೀರಿಗಿಳಿಸಿದ ಎಲೆಯನ್ನು ಸೊಂಟದ ನೇರಕ್ಕೆ ಬಂದೊಡನೆ ಎತ್ತಿಬಿಡಿ. ಅದಕ್ಕೂ ಹಿಂದಕ್ಕೆ ಎಳೆದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ, ಭುಜವೂ ಬೇಗ ಸೋಲುತ್ತದೆ.