ಹೊಸ ಫೋನು, ಕೂದಲೆಳೆ ಬಿರುಕು

ಪ್ಲಾಸ್ಟಿಕ್ ಚೌಕಟ್ಟಿನ ಫೋನಿನಲ್ಲಿ ಬಿರುಕು ಮೊದಲು ಹುಡುಕಬೇಕಾದ್ದು ಚಾರ್ಜಿಂಗ್ ಕಿಂಡಿ, ಸಿಮ್ ಟ್ರೇ, ಬಟನ್ನುಗಳ ಮೂಲೆಗಳಲ್ಲಿ. ಪ್ಲಾಸ್ಟಿಕ್ ಅಚ್ಚಿನಲ್ಲಿ ತಣಿಯುವಾಗ ಒಳಗೇ ಉಳಿದ ಬಿಗಿತಕ್ಕೆ ಅತಿಯಾಗಿ ತಿರುಗಿಸಿದ ಸ್ಕ್ರೂ ಸೇರಿದರೆ, ಸೀಳುವುದು ಚೂಪು ಮೂಲೆಯಿಂದಲೇ. ಬಿದ್ದು ಒಡೆದಿದ್ದರೆ ಪಕ್ಕದಲ್ಲಿ ಸಾಮಾನ್ಯವಾಗಿ ಜಜ್ಜಿದ ಗುರುತಿರುತ್ತದೆ. ಇಲ್ಲದಿದ್ದರೆ, ಇದು ತಯಾರಿಕೆಯ ದೋಷ ಎಂಬ ನಿಮ್ಮ ವಾದಕ್ಕೆ ಅದೇ ಬಲ.

ಕವರ್ ಹಾಕುವ ಮೊದಲೇ ಟಾರ್ಚನ್ನು ಓರೆಯಾಗಿ ಹಿಡಿದು ಸುತ್ತ ನೋಡಿ, ಅಂಚಿಗೆ ಉಗುರು ಆಡಿಸಿ. *#06# ಒತ್ತಿದಾಗ ಬರುವ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮತ್ತು ಬಿರುಕು, ಎರಡೂ ಒಂದೇ ವಿಡಿಯೋದಲ್ಲಿರಲಿ. ಇಷ್ಟು ಸಣ್ಣದಕ್ಕೆ ಯಾಕೆ ಗಲಾಟೆ ಎಂದು ಸುಮ್ಮನಾಗುವವರೇ ಹೆಚ್ಚು. ಕಷ್ಟಪಟ್ಟು ದುಡಿದ ಹಣಕ್ಕೆ ಸೀಳಿಲ್ಲದ ಫೋನು ಕೇಳುವುದು ಗಲಾಟೆಯಲ್ಲ. ಆ ಸೀಳಿನಿಂದ ನೀರು, ದೂಳು ಒಳಹೋಗಬಹುದು.

ಸೂಪರ್ ಗ್ಲೂ ಹಚ್ಚಲೇಬೇಡಿ: ಅದರ ಆವಿ ಬಿಳಿ ಪದರವಾಗಿ ಕೂರುತ್ತದೆ, ವಾರಂಟಿಗೂ ಕುತ್ತು. ಹಿಂಬದಿ ಉಬ್ಬಿ ಸಂದು ಬಿಟ್ಟಿದ್ದರೆ ಬ್ಯಾಟರಿ ಊದಿರಬಹುದು. ಒತ್ತಬೇಡಿ, ಚಾರ್ಜಿಗೂ ಇಡಬೇಡಿ.

ಸರ್ವಿಸ್ ಸೆಂಟರಿನವರು ಫೋನು ಪಡೆಯುವಾಗ ಬರೆಯುವ ಜಾಬ್ ಶೀಟಿನಲ್ಲಿ 'ಪೆಟ್ಟಿನ ಗುರುತಿಲ್ಲ' ಎಂದು ಬರೆಸಿಯೇ ಸಹಿ ಹಾಕಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ ಕಾಲಾವಕಾಶ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ.