ಕೈ ಕೊಳೆಯಾಗ್ಲಿ, ಆದ್ರೆ ಮಗು ಒಪ್ಪಿದ್ಮೇಲೆ

ಆಟಿಸಂ ಇರೋ ಮಗುಗೆ ಮನೇಲಿ ಏನು ಆಟ ಆಡಿಸ್ಲಿ ಅಂತ ಯಾರನ್ನ ಕೇಳಿದ್ರೂ ಮೊದಲು ಬರೋ ಉತ್ತರ ಒಂದೇ, ದೊಡ್ಡ ಟಬ್ಬಿಗೆ ಅಕ್ಕಿನೋ ಮರಳೋ ತುಂಬ್ಸಿ ಒಳಗೆ ಚಿಕ್ಕ ಚಿಕ್ಕ ಆಟದ ಸಾಮಾನು ಬಚ್ಚಿಟ್ಟು ಹುಡುಕೋಕೆ ಬಿಡಿ ಅಂತ. ಒಳ್ಳೆ ಆಟನೇ, ನಮ್ಮನೇಲೂ ಒಂದು ಟಬ್ ಇದೆ. ಆದ್ರೆ ಒಂದು ಮಗು ಅದ್ರಲ್ಲಿ ಮೊಣಕೈವರೆಗೂ ಕೈ ಇಳಿಬಿಟ್ಟು ಲೋಕ ಮರೆತು ಕೂತ್ರೆ, ಇನ್ನೊಂದು ಮಗು ಒಂದೇ ಒಂದು ಕಾಳು ಬೆರಳಿಗೆ ತಾಗಿದ್ರೂ ಕಿರುಚ್ಕೊಂಡು ಕೈ ಒರೆಸ್ತಾ ಓಡುತ್ತೆ, ಇಬ್ರ ರಿಪೋರ್ಟಲ್ಲೂ ಬರ್ದಿರೋದು ಆಟಿಸಂ ಅಂತಾನೇ. ಅದಕ್ಕೇ ಆಟದ ಪಟ್ಟಿ ಹಿಡ್ಕೊಂಡು ಶುರು ಮಾಡ್ಬೇಡಿ, ಮಗುನ ನೋಡ್ತಾ ಶುರು ಮಾಡಿ ಅಂತ ನಾನು ಸಿಕ್ಕಿದ ಅಪ್ಪ ಅಮ್ಮಂದಿರಿಗೆಲ್ಲ ಹೇಳ್ತಿರ್ತೀನಿ, ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಬರೀತೀನಿ.

ಈ ಸ್ಪರ್ಶ, ಶಬ್ದ, ಬೆಳಕಿನ ಗಲಾಟೆ ಹೊಸ ವಿಷಯ ಏನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಡಾಕ್ಟರು 11 ಮಕ್ಕಳ ಬಗ್ಗೆ ಬರೆದಾಗ್ಲೇ ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯೋ ನೀರು, ಒಂದೊಂದ್ಸಲ ಬೀಸೋ ಗಾಳಿಗೂ ಅವರಲ್ಲಿ ಕೆಲವರು ಗಾಬರಿ ಬೀಳ್ತಿದ್ದದ್ದನ್ನ ಬರ್ದಿದ್ರು, ಗಿರಗಿರ ತಿರುಗೋ ಸಾಮಾನು ಸಿಕ್ರೆ ಅದರಲ್ಲೇ ಮುಳುಗಿಹೋಗ್ತಿದ್ದದ್ದನ್ನೂ. ಆದ್ರೆ ಡಾಕ್ಟರುಗಳು ಆಟಿಸಂ ಗುರುತಿಸೋಕೆ ಬಳಸೋ ಲಕ್ಷಣಗಳಲ್ಲಿ ಇದನ್ನ ಸ್ಪಷ್ಟವಾಗಿ ಸೇರಿಸಿದ್ದು 2013ರಲ್ಲಿ ಬಂದ ಡಿಎಸ್‌ಎಂ-5, ಅಂದ್ರೆ ಅಮೆರಿಕದ ಮನೋವೈದ್ಯರ ಕೈಪಿಡಿ. ಅಲ್ಲೀವರೆಗೂ ಎಷ್ಟು ಮಕ್ಕಳು ಹಠಮಾರಿ ಅನ್ನಿಸ್ಕೊಂಡು ಬೈಸ್ಕೊಂಡಿದ್ದಾವೋ ಏನೋ. ಈಗ್ಲೂ ಮನೆಗೆ ಬಂದೋರು ಬಾಯಿ ಬಿಟ್ಟು ಹೇಳ್ತಾರೆ, ಸ್ವಲ್ಪ ಗದರಿಸಿದ್ರೆ ಸರಿ ಹೋಗುತ್ತೆ ಅಂತ. ಸರಿ ಹೋಗಲ್ಲ, ಯಾಕಂದ್ರೆ ಅದು ಹಠ ಅಲ್ಲ, ಆ ಮಗುಗೆ ಅಂಟಂಟು ಹಿಟ್ಟು ಕೈಗೆ ಮೆತ್ಕೊಂಡಾಗ ಆಗೋ ಸಂಕಟ ನಿಜವಾದ್ದು.

ಇನ್ನೊಂದು, ನಾವು ಇಂದ್ರಿಯ ಐದು ಅಂತ ಕಲ್ತಿದೀವಿ ಆದ್ರೆ ಓಟಿಗಳ (ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನದ ಕೆಲಸ ತಾನೇ ಮಾಡ್ಕೊಳ್ಳೋಕೆ ಕಲಿಸೋ ಥೆರಪಿಸ್ಟ್) ಹತ್ರ ಹೋದ್ರೆ ಲೆಕ್ಕ ಅಲ್ಲಿಗೇ ನಿಲ್ಲಲ್ಲ. ಒಳಕಿವಿಯಲ್ಲಿರೋ ಬ್ಯಾಲೆನ್ಸ್ ವ್ಯವಸ್ಥೆ ಒಂದು, ಸ್ನಾಯು ಮತ್ತು ಕೀಲುಗಳಿಂದ ಮೆದುಳಿಗೆ ಹೋಗೋ ಸುದ್ದಿ ಇನ್ನೊಂದು, ಅಂದ್ರೆ ಕಣ್ಣು ಮುಚ್ಚಿದ್ರೂ ನನ್ನ ಕೈ ಎಲ್ಲಿದೆ, ಎಷ್ಟು ಬಲ ಹಾಕ್ತಿದೀನಿ ಅಂತ ಗೊತ್ತಾಗೋದು. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1960, 70ರ ದಶಕದಲ್ಲಿ ಸೆನ್ಸರಿ ಇಂಟಿಗ್ರೇಷನ್, ಅಂದ್ರೆ ಇಂದ್ರಿಯಗಳಿಂದ ಬರೋ ಸುದ್ದಿನೆಲ್ಲ ಮೆದುಳು ಜೋಡಿಸ್ಕೊಳ್ಳೋದು ಅನ್ನೋ ವಿಚಾರ ಬೆಳೆಸಿದಾಗ ಸ್ಪರ್ಶದ ಜೊತೆ ಈ ಎರಡಕ್ಕೂ ತುಂಬಾ ಒತ್ತು ಕೊಟ್ರು. ಪೆನ್ಸಿಲ್ ಮುರಿಯೋ ಅಷ್ಟು ಒತ್ತಿ ಬರೆಯೋ ಮಗು, ಅಥವಾ ಗೆರೆ ಕಾಣದಷ್ಟು ಹಗುರಾಗಿ ಬರೆಯೋ ಮಗು, ಅಪ್ಪಿಕೊಂಡ್ರೆ ಉಸಿರು ಕಟ್ಟೋ ಹಾಗೆ ಅಪ್ಪೋ ಮಗು, ಇವರನ್ನೆಲ್ಲ ನೋಡಿದಾಗ ಈ ಬಲದ ಅಂದಾಜು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗುತ್ತೆ.

ಹಾಗಾಗಿ ನಮ್ಮನೇಲಿ ಬೆರಳಿನ ಆಟಕ್ಕೆ ಮುಂಚೆ ಮೈ ಆಟ. ಗೋಡೆನ ಎರಡೂ ಕೈಯಲ್ಲಿ ತಳ್ಳೋದು (ಗೋಡೆ ಬೀಳ್ಸೋಣ ಬಾ ಅಂದ್ರೆ ಸಾಕು, ನಗು ಶುರು), ಪುಸ್ತಕ ತುಂಬಿದ ಬುಟ್ಟಿ ಎಳೆಯೋದು, ದಿಂಬಿನ ಗುಡ್ಡೆ ಮೇಲೆ ಅಂಬೆಗಾಲಲ್ಲಿ ಹತ್ತಿ ಇಳಿಯೋದು, ನೆಲಕ್ಕೆ ಕೈ ಊರಿ ಕರಡಿ ಹಾಗೆ ನಡೆಯೋದು. ಇದಕ್ಕೆ ಹೆವಿ ವರ್ಕ್ ಅಂತಾರೆ. ಎಷ್ಟೋ ಮಕ್ಕಳು ಇದಾದ್ಮೇಲೆ ಸಮಾಧಾನವಾಗಿ ಕೂರ್ತಾರೆ, ಜೊತೆಗೆ ಭುಜ ಗಟ್ಟಿ ಆಗುತ್ತೆ, ಭುಜ ಮತ್ತು ಮಣಿಕಟ್ಟು ನಿಲ್ಲದೇ ಬೆರಳು ನೆಟ್ಟಗೆ ಕೆಲಸ ಮಾಡಲ್ಲ. ಗಿರಗಿರ ತಿರುಗೋ ಆಟದಲ್ಲಿ ಮಾತ್ರ ಹುಷಾರು, ಎಷ್ಟು ಬೇಕು ಅಂತ ಮಗುನೇ ನಿರ್ಧಾರ ಮಾಡ್ಲಿ, ನಾವು ಹಿಡ್ಕೊಂಡು ತಿರುಗಿಸೋದು ಬೇಡ, ತಲೆಸುತ್ತು ಮತ್ತು ವಾಂತಿ ಸ್ವಲ್ಪ ಹೊತ್ತು ಬಿಟ್ಟೂ ಬರಬಹುದು. ಉಯ್ಯಾಲೆ ಹಿಂದೆ ಮುಂದೆ ನಿಧಾನಕ್ಕೆ ತೂಗೋದು ಹೆಚ್ಚಿನ ಮಕ್ಕಳಿಗೆ ಶಾಂತ ಮಾಡುತ್ತೆ.

ಈಗ ಮುಟ್ಟೋ ಆಟ. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ, ಮಗುವಿನ ಕೈ ಹಿಡಿದು ಬಲವಂತವಾಗಿ ಬಣ್ಣದಲ್ಲೋ ಹಿಟ್ಟಲ್ಲೋ ಅದ್ದೋದು ತಪ್ಪು, ಅಭ್ಯಾಸ ಆಗ್ಲಿ ಅಂತ ಮಾಡಿದ್ರೂ ತಪ್ಪೇ. ಅದರಿಂದ ಮಗು ಕಲಿಯೋದು ಒಂದೇ, ಇವರು ಹತ್ರ ಬಂದ್ರೆ ಕೈ ಬಚ್ಚಿಟ್ಕೋಬೇಕು ಅಂತ. ಅದರ ಬದಲು ದಾರಿ ಬೇಕಾದಷ್ಟಿದೆ. ಒಣಗಿದ್ದು ಮೊದಲು, ಒದ್ದೆ ಆಮೇಲೆ, ಅಂಟೋದು ಎಲ್ಲಕ್ಕಿಂತ ಕೊನೇಲಿ. ಕೈ ಹಾಕೋಕೆ ಇಷ್ಟ ಇಲ್ವಾ, ಚಮಚ ಕೊಡಿ, ಕಪ್ ಕೊಡಿ, ಫನಲ್ ಕೊಡಿ, ಸುರಿದು ತುಂಬಿ ಸುರಿದು ತುಂಬಿ ಆಡ್ಲಿ, ಒಂದಿನ ಫನಲ್ಲಿಂದ ಜಾರೋ ಕಾಳನ್ನ ಬೆರಳಿಂದ ತಡಿಯೋಕೆ ಅದೇ ಕೈ ಚಾಚಬಹುದು. ಬಣ್ಣ ಆಗಲ್ವಾ, ಜಿಪ್ ಕವರೊಳಗೆ ಎರಡು ಬಣ್ಣದ ಪೇಂಟ್ ಹಾಕಿ ಬಾಯಿಗೆ ಗಟ್ಟಿ ಟೇಪ್ ಹಚ್ಚಿ ಟೇಬಲ್ಲಿಗೆ ಅಂಟಿಸಿ, ಮೇಲಿಂದ ಬೆರಳಾಡಿಸಿದ್ರೆ ಗೆರೆ ಮೂಡುತ್ತೆ ಬಣ್ಣ ಬೆರೆಯುತ್ತೆ ಕೈ ಮಾತ್ರ ಕ್ಲೀನ್. ನನ್ನ ಮಗನಿಗೆ ಚಕ್ರ ಅಂದ್ರೆ ಪ್ರಾಣ, ಅವನು ಪೇಂಟ್ ಮುಟ್ಟೋಕೆ ಒಪ್ಪಿದ್ದು ಆಟದ ಕಾರಿನ ಚಕ್ರ ಬಣ್ಣದಲ್ಲಿ ಓಡಿಸಿ ಹಾಳೆ ಮೇಲೆ ಟೈರಿನ ಗುರುತು ಮೂಡಿಸೋಕೆ. ಮಗುಗೆ ಏನು ಹುಚ್ಚೋ ಅದನ್ನೇ ಆಟದೊಳಗೆ ತನ್ನಿ, ಡೈನೋಸಾರ್ ಆದ್ರೆ ಡೈನೋಸಾರ್, ಅಕ್ಷರ ಆದ್ರೆ ಅಕ್ಷರ. ಮತ್ತೆ ಪಕ್ಕದಲ್ಲಿ ಯಾವಾಗ್ಲೂ ಒಂದು ಒದ್ದೆ ಬಟ್ಟೆ ಇರ್ಲಿ, ಬೇಕಾದಾಗ ಒರೆಸ್ಕೋಬಹುದು ಅಂತ ಗೊತ್ತಿದ್ರೇನೇ ಎಷ್ಟೋ ಮಕ್ಕಳಿಗೆ ಧೈರ್ಯ.

ಕ್ಲೇ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಇದರಷ್ಟು ಕೆಲಸಕ್ಕೆ ಬರೋ ವಸ್ತು ನನಗಂತೂ ಬೇರೆ ಕಂಡಿಲ್ಲ. ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು, ಒಂದೆರಡು ಚಮಚ ಎಣ್ಣೆ, ನೀರು ಸ್ವಲ್ಪ ಸ್ವಲ್ಪವಾಗಿ ಹಾಕ್ತಾ ಕೈಗೆ ಅಂಟದ ಹದಕ್ಕೆ ನಾದಿದ್ರೆ ಆಯ್ತು. ಹದವೇ ಇಲ್ಲಿ ಮುಖ್ಯ, ಕೈಯಲ್ಲಿ ಬಲ ಕಮ್ಮಿ ಇರೋ ಮಗುಗೆ ಮೆತ್ತಗೆ, ಗಟ್ಟಿ ಒತ್ತಡ ಹುಡುಕೋ ಮಗುಗೆ ಸ್ವಲ್ಪ ಗಟ್ಟಿಯಾಗಿ. ಗುಂಡಗೆ ಉರುಟಿಸೋಕೆ ಎರಡು ಅಂಗೈ ಜೊತೆಯಾಗಿ ಕೆಲಸ ಮಾಡ್ಬೇಕು, ಹಾವಿನ ಹಾಗೆ ಉದ್ದ ಹೊಸೆಯೋಕೆ ಬಲ ಸಮ ಇರ್ಬೇಕು, ತುದಿ ಚಿವುಟೋಕೆ ಹೆಬ್ಬೆರಳು ತೋರುಬೆರಳು ಸೇರ್ಬೇಕು, ಒಳಗೆ ಬಚ್ಚಿಟ್ಟ ದೊಡ್ಡ ಮಣಿ ಅಗೆದು ತೆಗೆಯೋಕೆ ಪ್ರತಿ ಬೆರಳೂ ಬೇರೆ ಬೇರೆ ಆಡ್ಬೇಕು. ಇಷ್ಟೆಲ್ಲಾ ವ್ಯಾಯಾಮ ಒಂದು ಮುದ್ದೆಯಲ್ಲಿ, ಮಗುಗೆ ಮಾತ್ರ ಬರೀ ಆಟ. ಬಾಯಿಗೆ ಹಾಕೋ ಮಗು ಆದ್ರೆ ಜಾಗ್ರತೆ, ಇದ್ರಲ್ಲಿ ಉಪ್ಪು ತುಂಬಾ ಇರುತ್ತೆ, ಜಾಸ್ತಿ ತಿಂದ್ರೆ ಅಪಾಯ, ಹಸಿ ಹಿಟ್ಟೂ ತಿನ್ನೋದಕ್ಕಲ್ಲ. ಅಂಟು ಇಷ್ಟಪಡೋ ಮಕ್ಕಳಿಗೆ ಕಾರ್ನ್‌ಫ್ಲೋರಿಗೆ ಅರ್ಧದಷ್ಟು ನೀರು ಬೆರೆಸಿ ಕೊಡಿ, ಹಿಸುಕಿದ್ರೆ ಗಟ್ಟಿ ಆಗುತ್ತೆ ಕೈ ಬಿಟ್ರೆ ಬಳಬಳ ಅಂತ ಇಳಿದುಹೋಗುತ್ತೆ, ದೊಡ್ಡೋರೂ ಕೂತ್ರೆ ಏಳಲ್ಲ.

ಬೆರಳಿನ ಆಟಗಳಿಗೆ ಹೊಸ ಸಾಮಾನು ತಗೊಳ್ಳೋದೇ ಬೇಡ. ಬಟ್ಟೆ ಕ್ಲಿಪ್ಪನ್ನ ರಟ್ಟಿನ ಸುತ್ತ ಸಿಕ್ಕಿಸಿ ಸೂರ್ಯ ಮಾಡೋದು, ಇಕ್ಕಳದಲ್ಲಿ ಹತ್ತಿ ಉಂಡೆ ಎತ್ತಿ ಬೇರೆ ಡಬ್ಬಿಗೆ ಹಾಕೋದು, ಡ್ರಾಪರಲ್ಲಿ ಬಣ್ಣದ ನೀರು ಹೀರಿ ಟಿಶ್ಯೂ ಮೇಲೆ ತೊಟ್ಟಿಕ್ಕಿಸೋದು, ಡಬ್ಬಿ ಮುಚ್ಚಳದಲ್ಲಿ ಸೀಳು ಮಾಡಿ ಬಟ್ಟೆಯ ದೊಡ್ಡ ಗುಂಡಿನ ಒಳಗೆ ಬೀಳ್ಸೋದು, ಆ ಟಣ್ ಅನ್ನೋ ಸದ್ದಿಗೆ ಮತ್ತೆ ಮತ್ತೆ ಹಾಕ್ತಾರೆ. ಸದ್ದು ಆಗದವರಿಗೆ ಒಳಗೆ ಬಟ್ಟೆ ಹಾಸಿ. ಮಣಿ ಪೋಣಿಸೋದಾದ್ರೆ ದಾರದಿಂದ ಶುರು ಬೇಡ, ದಾರ ಬಳುಕುತ್ತೆ ಮಗು ಬೇಸತ್ತು ಎಸೆಯುತ್ತೆ, ಕ್ಲೇ ಮುದ್ದೆಗೆ ಸ್ಟ್ರಾ ನೆಟ್ಟು ನಿಲ್ಲಿಸಿ ಅದಕ್ಕೆ ಮೇಲಿಂದ ಮಣಿ ಇಳಿಸಲಿ, ಆಮೇಲೆ ಗಟ್ಟಿ ತಂತಿ, ಆಮೇಲೆ ದಾರ. ಸ್ಟಿಕರ್ ಕೀಳೋಕೆ ಬರ್ಲಿಲ್ಲ ಅಂದ್ರೆ ಸುತ್ತಲಿನ ಹಾಳೆ ಮೊದಲೇ ತೆಗೆದು ಅಂಚು ಸ್ವಲ್ಪ ಎತ್ತಿಟ್ಟು ಕೊಡಿ. ಕತ್ತರಿಗೂ ಮುಂಚೆ ಹಾಳೆ ಹರಿಯೋದು ಬರ್ಲಿ, ಕತ್ತರಿ ಕೊಟ್ಟಾಗ ತೆಳು ಹಾಳೆ ಬೇಡ, ಮಡಚ್ಕೊಂಡು ಜಾರುತ್ತೆ, ಸಣ್ಣ ಪಟ್ಟಿಯಾಗಿ ಕತ್ತರಿಸಿಟ್ಟ ದಪ್ಪ ಕಾರ್ಡ್ ಕೊಡಿ, ಒಂದೇ ಕಚಕ್ಕಿಗೆ ಎರಡು ತುಂಡಾಗ್ಬೇಕು, ಅದೇ ಖುಷಿ.

ಬರೆಯೋದರ ಅವಸರ ಎಲ್ಲ ಮನೇಲೂ ಇರುತ್ತೆ, ನನಗೆ ಅರ್ಥ ಆಗುತ್ತೆ. ಆದ್ರೆ ಪೆನ್ಸಿಲ್‌ನ ಮೂರು ಬೆರಳಲ್ಲಿ ಹಿಡಿದು ಬೆರಳಿಂದಲೇ ಆಡಿಸೋ ಹಿಡಿತ ಸಾಮಾನ್ಯವಾಗಿ ಎಲ್ಲ ಮಕ್ಕಳಲ್ಲೂ 4ರಿಂದ 6 ವರ್ಷದ ಹೊತ್ತಿಗೆ ಬರೋದು, ನಮ್ಮ ಮಕ್ಕಳಲ್ಲಿ ಕೀಲು ಸಡಿಲ, ಸ್ನಾಯು ಮೆತ್ತಗೆ ಇರೋರು ಬಹಳ ಜನ, ಇನ್ನೂ ತಡ ಆಗಬಹುದು. ಉದ್ದ ಪೆನ್ಸಿಲ್ ಬದಲು ಮುರಿದ ಕ್ರೇಯಾನ್ ತುಂಡು ಕೊಡಿ, ಅದನ್ನ ಮುಷ್ಟಿಯಲ್ಲಿ ಹಿಡಿಯೋಕೇ ಆಗಲ್ಲ, ಬೆರಳ ತುದಿನೇ ಬೇಕು. ಹಾಳೆನ ಗೋಡೆಗೆ ಅಂಟಿಸಿ ನಿಂತು ಗೀಚಲಿ, ಮಣಿಕಟ್ಟು ತಾನೇ ಹಿಂದಕ್ಕೆ ಬಾಗುತ್ತೆ, ಬರೆಯೋಕೆ ಬೇಕಾಗಿರೋದೇ ಆ ಭಂಗಿ. ಕೂತು ಮಾಡೋದಾದ್ರೆ ಪಾದ ನೆಲಕ್ಕೋ ಮಣೆಗೋ ತಾಗ್ಲೇಬೇಕು, ಕಾಲು ನೇತಾಡ್ತಾ ಇರೋ ಮಗು ಬೀಳದ ಹಾಗೆ ಕೂರೋಕೇ ಅರ್ಧ ಶಕ್ತಿ ಖರ್ಚು ಮಾಡುತ್ತೆ.

ಸಹಾಯ ಹೇಗೆ ಮಾಡೋದು ಅನ್ನೋದು ಬಹಳ ಜನ ಕೇಳ್ತಾರೆ. ಮಗುವಿನ ಕೈ ಮೇಲೆ ನಮ್ಮ ಕೈ ಇಟ್ಟು ಒತ್ತಿ ಮಾಡಿಸೋದಕ್ಕಿಂತ ನಮ್ಮ ಕೈ ಕೆಳಗೆ ಇರ್ಲಿ, ಮಗುವಿನ ಕೈ ನಮ್ಮ ಕೈ ಮೇಲೆ ಇರ್ಲಿ, ಕೆಲಸ ನಾವು ಮಾಡ್ತಾ ಹೋದ ಹಾಗೆ ಚಲನೆ ಅದಕ್ಕೆ ಗೊತ್ತಾಗುತ್ತೆ, ಬೇಡ ಅನ್ನಿಸಿದ ಕ್ಷಣ ಕೈ ಎತ್ಕೋಬಹುದು. ಕಣ್ಣೂ ಕಿವಿಯೂ ಎರಡೂ ಇಲ್ಲದ ಮಕ್ಕಳಿಗೆ ಕಲಿಸೋರು ಇದನ್ನ ತುಂಬಾ ಬಳಸ್ತಾರೆ, ಮಾತಿಲ್ಲದ ನಮ್ಮ ಮಕ್ಕಳಿಗೂ ಎಷ್ಟು ಮರ್ಯಾದೆಯ ವಿಧಾನ ನೋಡಿ. ಮಾತಿಲ್ಲ ಅಂದ್ರೆ ಬೇಡ ಅನ್ನೋದಿಲ್ಲ ಅಂತ ಅಲ್ಲ. ಮುಖ ತಿರುಗಿಸೋದು, ಕಿವಿ ಮುಚ್ಕೊಳ್ಳೋದು, ಓಕರಿಕೆ, ಮೈ ಸೆಟೆಸೋದು, ಕಾರಣ ಇಲ್ಲದೇ ಜೋರಾಗಿ ನಗೋದು ಕೂಡ ಒಂದೊಂದ್ಸಲ ಸಾಕು ನಿಲ್ಸಿ ಅಂತಾನೇ ಅರ್ಥ. ಇನ್ನು ಖುಷಿಯಲ್ಲಿ ಕೈ ಪಟಪಟ ಬಡಿಯೋದನ್ನ ದಯವಿಟ್ಟು ನಿಲ್ಲಿಸ್ಬೇಡಿ, ಆಟ ಹಿಡಿಸಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ.

ಅಪಾಯದ ವಿಷಯ ಚುಟುಕಾಗಿ ಆದ್ರೆ ಕಟ್ಟುನಿಟ್ಟಾಗಿ ಹೇಳ್ತೀನಿ. ಚಿಕ್ಕ ಸಾಮಾನು ಗಂಟಲಿಗೆ ಸಿಕ್ಕೋ ಭಯ 3 ವರ್ಷದ ಒಳಗಿನವರಿಗೆ ಅಂತಾರೆ, ನಮ್ಮ ಮಕ್ಕಳು ದೊಡ್ಡವರಾದ್ರೂ ಬಾಯಿಗೆ ಹಾಕೋರು ಇರ್ತಾರೆ, ಹಾಗಾಗಿ ವಯಸ್ಸು ನೋಡ್ಬೇಡಿ ಮಗುನ ನೋಡಿ, ಪಕ್ಕದಿಂದ ಏಳ್ಬೇಡಿ. ನೀರಲ್ಲಿ ಊದೋ ವಾಟರ್ ಬೀಡ್ಸ್ ನೋಡೋಕೆ ಎಷ್ಟೇ ಚಂದ ಇದ್ರೂ ನಮ್ಮನೆಗೆ ಬರಲ್ಲ, ನುಂಗಿದ್ರೆ ಕರುಳಲ್ಲಿ ಊದಿ ಅಡ್ಡ ಕೂರುತ್ತೆ, ಆಪರೇಷನ್ ಆಗಿರೋ ಮಕ್ಕಳಿದ್ದಾರೆ, ಸತ್ತಿರೋ ಮಕ್ಕಳೂ ಇದ್ದಾರೆ. ಬಟನ್ ಸೆಲ್ ಮತ್ತು ಪುಟ್ಟ ಮ್ಯಾಗ್ನೆಟ್ಟೂ ಅಷ್ಟೇ.

ಈ ಆಟಗಳಿಂದ ಆಟಿಸಂ ವಾಸಿ ಆಗುತ್ತೆ ಅಂತ ಯಾರಾದ್ರೂ ಪ್ಯಾಕೇಜ್ ಮಾರೋಕೆ ಬಂದ್ರೆ ನಂಬ್ಬೇಡಿ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2012ರಲ್ಲಿ ಸೆನ್ಸರಿ ಥೆರಪಿಗೆ ಇರೋ ಸಂಶೋಧನೆಯ ಆಧಾರ ಸೀಮಿತ ಅಂತ ತಂದೆ ತಾಯಿಗೆ ತಿಳಿಸಿ ಅಂದಿತ್ತು, 2020ರಲ್ಲಿ ಅಲ್ಲಿನ ದೊಡ್ಡ ಪರಿಶೀಲನೆಯೊಂದು ಏರ್ಸ್ ಪದ್ಧತಿನ ಆಧಾರ ಇರೋ ವಿಧಾನಗಳ ಪಟ್ಟಿಗೆ ಸೇರಿಸ್ತು, 2022ರಲ್ಲಿ ಬಂದ ಬ್ರಿಟನ್‌ನ ಒಂದು ಟ್ರಯಲ್ ಮಾಮೂಲಿ ಆರೈಕೆಗಿಂತ ಅದರಿಂದ ಸ್ಪಷ್ಟವಾದ ಹೆಚ್ಚಿನ ಲಾಭ ಕಾಣ್ಲಿಲ್ಲ ಅಂತು. ಚೆನ್ನಾಗಿ ನಿದ್ದೆ ಬರ್ಲಿ ಅಂತ ಹೊದಿಸೋ ತೂಕದ ಹೊದಿಕೆ ಬಗ್ಗೆ 2014ರ ಅಧ್ಯಯನದಲ್ಲಿ ನಿದ್ದೆ ಹೆಚ್ಚಾಗ್ಲಿಲ್ಲ, ಆದ್ರೆ ಮಕ್ಕಳಿಗೂ ಮನೆಯವರಿಗೂ ಅದು ಇಷ್ಟ ಆಗಿತ್ತು. ನನಗೆ ಇದರಿಂದ ಬೇಜಾರಿಲ್ಲ. ಮಗುವಿನ ಜೊತೆ ಅರ್ಧ ಗಂಟೆ ನೆಲದ ಮೇಲೆ ಕೂತು ಆಡೋಕೆ ಯಾವ ಟ್ರಯಲ್ಲೂ ಬೇಡ, ಸಾವಿರಾರು ಸುರಿದು ಸಾಮಾನು ತರೋಕೆ ಮುಂಚೆ ಮಾತ್ರ ನಿಮ್ಮ ಓಟಿನ ನೇರವಾಗಿ ಕೇಳಿ, ಇದು ಯಾಕೆ, ಇದರಿಂದ ದಿನದ ಯಾವ ಕೆಲಸ ಸುಲಭ ಆಗ್ಬೇಕು, ಎಷ್ಟು ತಿಂಗಳಲ್ಲಿ ನೋಡೋಣ ಅಂತ.

ದಿನದ ಕೆಲಸ ಅಂದಾಗ, ಇಕ್ಕಳದಲ್ಲಿ ಹತ್ತಿ ಎತ್ತಿದ ಕೈ ತಾನಾಗೇ ಶರ್ಟಿನ ಗುಂಡಿ ಹಾಕಲ್ಲ, ಅದನ್ನ ಬೇರೆಯಾಗೇ ಆಡಿಸ್ಬೇಕು. ದೊಡ್ಡ ಗುಂಡಿಯ ಬಟ್ಟೆ ಮೊದಲು ತೊಡೆ ಮೇಲೆ, ಆಮೇಲೆ ಮೈ ಮೇಲೆ. ಜಿಪ್ ಆದ್ರೆ ಸಿಕ್ಕಿಸೋದು ಮುಕ್ಕಾಲು ಎಳೆಯೋದು ಎಲ್ಲಾ ನೀವು ಮಾಡಿ ಕೊನೆಯ ಎಳೆತ ಮಗುಗೆ ಬಿಡಿ, ಮುಗಿಸಿದ ಖುಷಿ ಅದರದ್ದು, ಅದು ರೂಢಿ ಆದ್ಮೇಲೆ ಅರ್ಧದಿಂದ, ಆಮೇಲೆ ಕೆಳಗಿಂದ. ಶೂ ಲೇಸ್ ಬರ್ಲಿಲ್ವಾ, ವೆಲ್ಕ್ರೋ ಶೂ ಹಾಕ್ಕೊಂಡು ಆಡೋಕೆ ಹೊರಡ್ಲಿ, ಲೇಸ್ ಮುಂದಿನ ವರ್ಷ ನೋಡಿದ್ರಾಯ್ತು.